ಪ್ರೊಸೆಸರ್ ಬದಲಾವಣೆ: ಉಳಿತಾಯದ ಹಿಂದಿರುವ ಅಪಾಯ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ವಿಂಡೋಸ್ 11 ಬೇಕಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಎಎಂಡಿಯ ರೈಜೆನ್ 2000 ಶ್ರೇಣಿ ಇಲ್ಲವೇ ಅನಂತರದ ಪ್ರೊಸೆಸರ್ ಅವಶ್ಯ. ಆದುದರಿಂದ ಹೊಸ ಗಣಕಯಂತ್ರವನ್ನು ಕೊಳ್ಳುವ ಬದಲು, ಎಸ್.ಪಿ. ರಸ್ತೆಯಿಂದ ಪ್ರೊಸೆಸರ್ ಒಂದನ್ನೇ ತಂದು ಅಳವಡಿಸುವ ಆಲೋಚನೆ ಸಣ್ಣ ಉದ್ಯಮಿಗಳಲ್ಲಿ ಮೂಡುವುದು ಸಹಜ. ಮಿತವ್ಯಯದ ದೃಷ್ಟಿಯಿಂದ ಇದು ತಪ್ಪೂ ಅಲ್ಲ.

ಆದರೆ ಪೀಣ್ಯಕ್ಕೆ ಸಮೀಪದ ನಂದಿನಿ ಲೇಔಟ್‌ನಂತಹ ಬಡಾವಣೆಯ ಸಣ್ಣ ಘಟಕವೊಂದರಲ್ಲಿ ಬಿಲ್ಲು, ದಾಸ್ತಾನು, ಸಂಬಳ, ಜಿಎಸ್‌ಟಿ ಎಲ್ಲವೂ ಒಂದೇ ಗಣಕಯಂತ್ರದಲ್ಲಿ ಅಡಕವಾಗಿರುವುದುಂಟು. ಹೊಸ ಪ್ರೊಸೆಸರ್ ಕೂರಿಸಿದ ಮೇಲೆ ಫ್ಯಾನ್ ತಿರುಗಿ, ಪರದೆ ಕಪ್ಪಾಗಿಯೇ ಉಳಿದರೆ ನಿಲ್ಲುವುದು ಯಂತ್ರವಷ್ಟೇ ಅಲ್ಲ, ವ್ಯವಹಾರವೇ. ಆದ್ದರಿಂದ ಈ ಕೆಲಸವನ್ನು ಬಿಡಿಭಾಗದ ದುರಸ್ತಿಯೆಂದು ಎಣಿಸದೆ, ಲೆಕ್ಕಪುಸ್ತಕಗಳ ಸ್ಥಳಾಂತರವೆಂದೇ ಭಾವಿಸಬೇಕು.

ಸಾಕೆಟ್ ಹೊಂದಿದ ಮಾತ್ರಕ್ಕೆ ಪ್ರೊಸೆಸರ್ ಹೊಂದುವುದಿಲ್ಲ. ಮದರ್‌ಬೋರ್ಡಿನ ಬಯೋಸ್ ತಂತ್ರಾಂಶವು ಹೊಸ ಪ್ರೊಸೆಸರನ್ನು ಗುರುತಿಸುವಂತಿರಬೇಕು. 2018ರಲ್ಲಿ ಹೊಸ ರೈಜೆನ್ ಪ್ರೊಸೆಸರ್‌ಗಳು ಹಳೆಯ ಬಯೋಸ್ ಇದ್ದ ಬೋರ್ಡುಗಳಲ್ಲಿ ಚಾಲನೆಗೊಳ್ಳದಿದ್ದಾಗ, ಬಯೋಸ್ ನವೀಕರಿಸಿಕೊಳ್ಳಲೆಂದು ಎಎಂಡಿ ಸಂಸ್ಥೆಯೇ ಗ್ರಾಹಕರಿಗೆ ಬೇರೆ ಪ್ರೊಸೆಸರನ್ನು ಎರವಲು ನೀಡಬೇಕಾಯಿತು. ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ನವೀಕರಿಸುವುದು ಕ್ಷೇಮ.

ಯಂತ್ರ ಚಾಲನೆಗೊಳ್ಳದಿದ್ದಲ್ಲಿ ಗಾಬರಿಯಾಗಬೇಕಿಲ್ಲ. ವಿದ್ಯುತ್ ಸಂಪರ್ಕ ತೆಗೆದು, ಪ್ರೊಸೆಸರಿಗೆ ಪ್ರತ್ಯೇಕವಾಗಿ ಬರುವ ವಿದ್ಯುತ್ ಕೇಬಲ್, ಸಾಕೆಟ್ಟಿನ ಪಿನ್‌ಗಳು ಹಾಗೂ ರ‍್ಯಾಮ್ ಪಟ್ಟಿಗಳನ್ನು ಪರೀಕ್ಷಿಸಬೇಕು. ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲಕಾಲ ತೆಗೆದಿಟ್ಟು ಮರಳಿ ಹಾಕಬಹುದು. ರೈಜೆನ್ 5600, ಇಂಟೆಲ್‌ನ 'ಎಫ್' ಅಕ್ಷರದ ಮಾದರಿಗಳು ಮುಂತಾದವುಗಳಲ್ಲಿ ಚಿತ್ರ ಮೂಡಿಸುವ ಅಂಗವೇ ಇರುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆ ಕಪ್ಪಾಗಿರುವುದೇ ಸರಿ. ಹಳೆಯ ಪ್ರೊಸೆಸರ್ ಮರಳಿ ಹಾಕಿದಾಗ ಯಂತ್ರ ನಡೆದರೆ, ದೋಷ ಬಹುತೇಕ ಬಯೋಸ್‌ನದು. ಆದಕಾರಣ ಹಳೆಯದನ್ನು ಅಂದೇ ವಿನಿಮಯಕ್ಕೆ ಕೊಡಬಾರದು.

ನಿಜವಾದ ಅಪಾಯ ಬೇರೆಡೆಯಿದೆ. ಎಎಂಡಿ ಬೋರ್ಡುಗಳಲ್ಲಿ ಪ್ರೊಸೆಸರ್ ಬದಲಾದಾಗ, ಅದರೊಳಗಿನ ಭದ್ರತಾ ಘಟಕವಾದ ಎಫ್‌ಟಿಪಿಎಂ ಅನ್ನು ಹೊಸದಾಗಿ ಆರಂಭಿಸಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡುವುದುಂಟು. ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗಗೊಂಡಿದ್ದು, ಮರುಪಡೆಯುವ 48 ಅಂಕಿಗಳ ಕೀಲಿ ಕೈಯಲ್ಲಿಲ್ಲದೆ 'ವೈ' ಒತ್ತಿದರೆ, ಲೆಕ್ಕಪತ್ರಗಳೆಲ್ಲ ಬೀಗದ ಹಿಂದೆಯೇ ಉಳಿಯುತ್ತವೆ. ಆಗ ತಂತ್ರಜ್ಞನೂ ನಿರುಪಾಯ, ಲೆಕ್ಕಪರಿಶೋಧಕನೂ ನಿರುಪಾಯ.

ಕಾನೂನು ಈ ಬಗ್ಗೆ ಮೌನವಾಗಿಲ್ಲ. ವಿದ್ಯುನ್ಮಾನ ಲೆಕ್ಕಪತ್ರಗಳ ಸೂಕ್ತ ಪ್ರತಿಯನ್ನು ಕಾದಿರಿಸಿ, ನಾಶವಾದಲ್ಲಿ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತಿರಬೇಕೆಂದು ಕೇಂದ್ರ ಜಿಎಸ್‌ಟಿ ನಿಯಮ 57 ವಿಧಿಸುತ್ತದೆ. ಕಂಪನಿಗಳು ಪ್ರತಿದಿನವೂ ಇಂತಹ ಪ್ರತಿಯನ್ನು ಇಡಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಮಾಸಿಕ ವಿವರಣೆ ಸಲ್ಲಿಸುವವರಿಗೆ 11ನೇ ತಾರೀಖು ಜಿಎಸ್‌ಟಿಆರ್-1ರ ಗಡುವು, 20ನೇ ತಾರೀಖು 3ಬಿಯ ಗಡುವು. ಮೊದಲನೆಯದು ತಪ್ಪಿದರೆ, ಗ್ರಾಹಕರ ಆ ತಿಂಗಳ 2ಬಿ ಪಟ್ಟಿಯಲ್ಲಿ ಹೂಡುವಳಿ ತೆರಿಗೆಯ ಜಮೆ ಕಾಣಿಸುವುದಿಲ್ಲ. ವಿಳಂಬ ಶುಲ್ಕಕ್ಕಿಂತ ವಿಶ್ವಾಸದ ನಷ್ಟವೇ ದೊಡ್ಡದು.

ಆದುದರಿಂದ ಪ್ರೊಸೆಸರ್ ಬದಲಾವಣೆಯನ್ನು 20ನೇ ತಾರೀಖಿನ ನಂತರಕ್ಕೆ ಇಟ್ಟುಕೊಳ್ಳುವುದು ಉಚಿತ. ಅದಕ್ಕೆ ಮುನ್ನ ಮೂರು ಕಾರ್ಯಗಳು ಕಡ್ಡಾಯ: ಲೆಕ್ಕಪತ್ರಗಳ ಪ್ರತಿ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುವುದು, ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಬರೆದಿಡುವುದು, ಮದರ್‌ಬೋರ್ಡ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಪ್ರೊಸೆಸರಿನ ಹೆಸರನ್ನು, ಬೇಕಾದ ಬಯೋಸ್ ಆವೃತ್ತಿಯನ್ನು ಖಚಿತಪಡಿಸಿಕೊಳ್ಳುವುದು. ತೆರೆದು ನೋಡದ ಪ್ರತಿ, ಎಣಿಸದ ಹಣದ ಪೆಟ್ಟಿಗೆಯಂತೆ.

ಹಿಂದಿನ ವರ್ತಕರು ಖಾತಾಬುಕ್ಕನ್ನು ಕಬ್ಬಿಣದ ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಪುಸ್ತಕದ ರೂಪ ಬದಲಾಗಿರಬಹುದು. ಅದನ್ನು ಕಾಯುವ ಹೊಣೆ ಇಂದಿಗೂ ಮಾಲೀಕರದೇ.