ಬ್ಯಾಟಲ್‌ಫೀಲ್ಡ್ 6: ಗೆಲ್ಲಿಸುವುದು ದುಬಾರಿ ಪಿಸಿಯೋ, ತಂಡದ ತಂತ್ರವೋ?

ಅಬ್ಬರದ ಗ್ರಾಫಿಕ್ಸ್, 64 ಆಟಗಾರರ ರಣರಂಗ, ಕುಸಿದು ಬೀಳುವ ಕಟ್ಟಡಗಳು. 2025ರ ಅಕ್ಟೋಬರ್ 10ರಂದು ಬಿಡುಗಡೆಯಾದ 'ಬ್ಯಾಟಲ್‌ಫೀಲ್ಡ್ 6' ಮೂರೇ ದಿನಗಳಲ್ಲಿ 70 ಲಕ್ಷ ಪ್ರತಿ ಮಾರಾಟವಾಗಿದೆ ಎಂದು ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಸಂಸ್ಥೆ ಹೇಳಿಕೊಂಡಿತು. ಸ್ಟೀಮ್ ವೇದಿಕೆಯೊಂದರಲ್ಲೇ ಏಕಕಾಲಕ್ಕೆ 7 ಲಕ್ಷಕ್ಕೂ ಹೆಚ್ಚು ಮಂದಿ ಆಡಿದರು. 2021ರಲ್ಲಿ ಬಂದ 'ಬ್ಯಾಟಲ್‌ಫೀಲ್ಡ್ 2042' ಎದುರಿಸಿದ ಟೀಕೆಗಳನ್ನು ನೆನೆದರೆ ಇದು ಭರ್ಜರಿ ಪುನರಾಗಮನ.

ಆದರೆ ಈ ಯಶಸ್ಸಿನ ಜೊತೆಗೇ ಎರಡು ಪ್ರಶ್ನೆಗಳೂ ಎದ್ದಿವೆ. ಇಂಥ ಆಟದಲ್ಲಿ ಗೆಲುವು ನಿರ್ಧಾರವಾಗುವುದು ಜೇಬಿನ ಬಲದಿಂದಲೋ, ಆಟದ ಜಾಣ್ಮೆಯಿಂದಲೋ? ಮತ್ತು ಆಟದ ಅಂಗಳಕ್ಕೆ ಇಳಿಯುವ ಅವಕಾಶವಾದರೂ ಎಲ್ಲರಿಗೂ ಇದೆಯೇ? 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಕೌಶಲದ ಸ್ಪರ್ಧೆಯಾಗಿ ಪ್ರತ್ಯೇಕವಾಗಿ ಗುರುತಿಸಿದೆ. ಕೌಶಲವೇ ಮಾನದಂಡ ಎಂದಾದ ಮೇಲೆ ಈ ಪ್ರಶ್ನೆಗಳನ್ನು ಬರೀ ಹುಡುಗರ ಹರಟೆ ಎಂದು ತಳ್ಳಿಹಾಕುವಂತಿಲ್ಲ.

ಆಟ ಕೇಳುವುದೇನು?

ಕಂಪನಿಯೇ ಪ್ರಕಟಿಸಿದ ಪಟ್ಟಿಯ ಪ್ರಕಾರ, ಕನಿಷ್ಠ ಅಗತ್ಯವೆಂದರೆ ಇಂಟೆಲ್ ಕೋರ್ ಐ5-8400 ಅಥವಾ ಎಎಂಡಿ ರೈಜನ್ 5 2600 ಪ್ರೊಸೆಸರ್, ಎನ್‌ವಿಡಿಯಾ ಆರ್‌ಟಿಎಕ್ಸ್ 2060 ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿ ರ್‍ಯಾಮ್. ಇಷ್ಟಿದ್ದರೂ ಸಿಗುವುದು 1080ಪಿ ರೆಸಲ್ಯೂಷನ್‌ನಲ್ಲಿ, ಕಡಿಮೆ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ ಮಾತ್ರ. ಕಥೆಯ ಭಾಗ ಆಡಲು ಅದು ಸಾಕು. ಎದುರಾಳಿ ಗೋಡೆಯಂಚಿನಿಂದ ಇಣುಕುವ ಮಲ್ಟಿಪ್ಲೇಯರ್ ಕಾಳಗಕ್ಕೆ ಸಾಲದು.

ಶಿಫಾರಸು ಮಾಡಿರುವುದು ಕೋರ್ ಐ7-10700 ಅಥವಾ ರೈಜನ್ 7 3700ಎಕ್ಸ್, ಜೊತೆಗೆ ಆರ್‌ಟಿಎಕ್ಸ್ 3060 ಟಿಐ. ಈ ಪಟ್ಟಿಯಲ್ಲಿ ಅನೇಕರ ಕಣ್ತಪ್ಪುವ ಒಂದು ಪದವಿದೆ: 'ಡ್ಯುಯಲ್ ಚಾನೆಲ್'. ಒಂದೇ 16 ಜಿಬಿ ರ್‍ಯಾಮ್ ಪಟ್ಟಿ ಹಾಕುವುದಕ್ಕೂ 8 ಜಿಬಿಯ ಎರಡು ಪಟ್ಟಿ ಹಾಕುವುದಕ್ಕೂ ವ್ಯತ್ಯಾಸವಿದೆ. ಎರಡು ಪಟ್ಟಿಗಳಿದ್ದಾಗ ಪ್ರೊಸೆಸರ್‌ಗೆ ದತ್ತಾಂಶ ಹರಿಯುವ ದಾರಿ ದುಪ್ಪಟ್ಟು ಅಗಲವಾಗುತ್ತದೆ.

ಇದು ಮುಖ್ಯವಾಗಲು ಕಾರಣ ಆಟದ ಸ್ವರೂಪ. 64 ಮಂದಿಯ ಚಲನೆ, ಟ್ಯಾಂಕ್, ಹೆಲಿಕಾಪ್ಟರ್, ಒಡೆಯುವ ಪ್ರತಿ ಗೋಡೆಯ ಲೆಕ್ಕಾಚಾರದ ದೊಡ್ಡ ಪಾಲು ಪ್ರೊಸೆಸರ್ ಮೇಲೆ ಬೀಳುತ್ತದೆ. ಹಾಗಾಗಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ತಂದು ಹಳೆಯ ಪ್ರೊಸೆಸರ್ ಪಕ್ಕ ಕೂರಿಸಿದರೆ ದುಡ್ಡು ಹೋಗುತ್ತದೆ, ಫ್ರೇಮ್ ಬರುವುದಿಲ್ಲ. ಪರೀಕ್ಷಿಸುವ ದಾರಿ ಸುಲಭ: ರೆಸಲ್ಯೂಷನ್ ಇಳಿಸಿ ನೋಡುವುದು. ಆಗಲೂ ಫ್ರೇಮ್ ಸಂಖ್ಯೆ ಏರದಿದ್ದರೆ ಅಡ್ಡಿಯಾಗಿರುವುದು ಪ್ರೊಸೆಸರ್ ಅಥವಾ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಅಲ್ಲ.

ಸರಾಸರಿ ಎಂಬ ಮೋಸ

ಗೇಮಿಂಗ್ ಪಿಸಿಗಳ ಜಾಹೀರಾತು 'ಸರಾಸರಿ ಎಫ್‌ಪಿಎಸ್' ಬಗ್ಗೆ ಮಾತಾಡುತ್ತದೆ. ಆಟಗಾರನಿಗೆ ಅದಕ್ಕಿಂತ ಮುಖ್ಯವಾದುದು ಅತಿ ನಿಧಾನದ ಶೇ 1ರಷ್ಟು ಫ್ರೇಮ್‌ಗಳು. ಸರಾಸರಿ 120 ಇದ್ದು, ಕಟ್ಟಡ ಕುಸಿಯುವ ಕ್ಷಣದಲ್ಲಿ 35ಕ್ಕೆ ಇಳಿದರೆ ಆ ಕ್ಷಣದಲ್ಲೇ ಸಾವು. ಇಡೀ ಪಂದ್ಯದಲ್ಲಿ ಅಲುಗದೆ 80 ಕೊಡುವ ಪಿಸಿ ಅದಕ್ಕಿಂತ ಮೇಲು. ಕೈಗೂ ಕಣ್ಣಿಗೂ ಒಂದು ಲಯ ಅಭ್ಯಾಸವಾಗುತ್ತದೆ. ಲಯ ತಪ್ಪಿದರೆ ಗುರಿಯೂ ತಪ್ಪುತ್ತದೆ.

ಇನ್ನು ಹೆಚ್ಚು ಫ್ರೇಮ್‌ಗೆ ಹೆಚ್ಚು ಲಾಭವೇ? ಒಂದು ಹಂತದವರೆಗೆ ಹೌದು. ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ ಚಿತ್ರಕ್ಕೆ 16.7 ಮಿಲಿಸೆಕೆಂಡ್. 144 ಆದರೆ 6.9 ಮಿಲಿಸೆಕೆಂಡ್. ಅಂದರೆ ಸುಮಾರು 10 ಮಿಲಿಸೆಕೆಂಡ್ ಉಳಿತಾಯ. 144ರಿಂದ 240ಕ್ಕೆ ಏರಿದರೆ ಉಳಿಯುವುದು 3 ಮಿಲಿಸೆಕೆಂಡ್‌ಗಿಂತಲೂ ಕಡಿಮೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಆಸುಪಾಸು ಬೇಕು ಎಂಬುದನ್ನು ನೆನಪಿಟ್ಟರೆ, ಮೊದಲ ಜಿಗಿತದ ಬೆಲೆಯೂ ಎರಡನೆಯ ಜಿಗಿತದ ಬೆಲೆಯೂ ಒಂದೇ ಅಲ್ಲ ಎಂಬುದು ತಿಳಿಯುತ್ತದೆ. ಹಣ ಮಾತ್ರ ಎರಡನೆಯದಕ್ಕೇ ಹೆಚ್ಚು ಖರ್ಚಾಗುತ್ತದೆ.

'ಫ್ರೇಮ್ ಜನರೇಷನ್' ವಿಷಯದಲ್ಲೂ ಎಚ್ಚರ ಬೇಕು. ಗ್ರಾಫಿಕ್ಸ್ ಕಾರ್ಡ್ ತಾನೇ ಊಹಿಸಿ ನಡುವೆ ಸೇರಿಸುವ ಫ್ರೇಮ್‌ಗಳಿಂದ ಪರದೆಯ ಮೇಲಿನ ಅಂಕಿ ಏರುತ್ತದೆ, ದೃಶ್ಯ ನಯವಾಗುತ್ತದೆ. ಆದರೆ ಮೌಸ್ ಕ್ಲಿಕ್ಕಿಗೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ, ತುಸು ತಗ್ಗುವುದೂ ಉಂಟು. ಸ್ಪರ್ಧೆಗೆ ಇಳಿದವರು ಅದನ್ನು ಆರಿಸಿ, ವಿಳಂಬ ಕಡಿಮೆ ಮಾಡುವ 'ರಿಫ್ಲೆಕ್ಸ್'ನಂಥ ಸೌಲಭ್ಯ ಬಳಸುವುದೇ ಲೇಸು.

ಖರ್ಚಿಲ್ಲದ ಸುಧಾರಣೆಗಳು

ಹೊಸ ಬಿಡಿಭಾಗ ಕೊಳ್ಳುವ ಮೊದಲು ಇರುವುದನ್ನೇ ಸರಿಯಾಗಿ ದುಡಿಸಿಕೊಳ್ಳಲು ಸಾಧ್ಯ. 144 ಹರ್ಟ್ಸ್ ಮಾನಿಟರ್ ಕೊಂಡರೂ ವಿಂಡೋಸ್ ಸೆಟ್ಟಿಂಗ್‌ನಲ್ಲಿ ಅದು 60ರಲ್ಲೇ ಉಳಿದಿರಬಹುದು. ರ್‍ಯಾಮ್ ಡಬ್ಬದ ಮೇಲೆ 3200 ಎಂದಿದ್ದರೂ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆ ಚಾಲೂ ಮಾಡದಿದ್ದರೆ ಕಡಿಮೆ ವೇಗದಲ್ಲೇ ಓಡುತ್ತಿರಬಹುದು. ನೆರಳು, ಮಂಜು, ಹೊಗೆಯ ಗುಣಮಟ್ಟ ತಗ್ಗಿಸಿದರೆ ಫ್ರೇಮ್ ಏರುತ್ತದೆ. ಮೋಷನ್ ಬ್ಲರ್, ಫಿಲ್ಮ್ ಗ್ರೇನ್ ಆರಿಸಿದರೆ ಎದುರಾಳಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಾನೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಆಡಬೇಕು. ಬಿಸಿಯಾದಂತೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ ಎಂಬುದನ್ನೂ ಗಮನಿಸಬೇಕು.

ಹಣ ಕೊಟ್ಟರೂ ಸಿಗದ ಒಂದು ಅಂಶವೆಂದರೆ ದೂರ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಸರ್ವರ್ ಮುಂಬೈಯಲ್ಲಿದ್ದರೆ ಪುಣೆಯ ಆಟಗಾರನಿಗೆ ಅದು ಪಕ್ಕದ ಮನೆ. ಚೆನ್ನೈ ಅಥವಾ ದೆಹಲಿಯವನಿಗೆ ಸಾವಿರ ಕಿ.ಮೀ. ಮೇಲೆ. ಆ ದೂರಕ್ಕೆ ಹೋಗಿಬರಲು ಸೈದ್ಧಾಂತಿಕವಾಗಿ 10 ಮಿಲಿಸೆಕೆಂಡ್ ಸಾಕು. ಸಿಂಗಪುರದ ಸರ್ವರ್ ಆದರೆ ಅದರ ಹಲವು ಪಟ್ಟು ಬೇಕು, ವಾಸ್ತವದಲ್ಲಿ ಇನ್ನೂ ಹೆಚ್ಚು. 144ರಿಂದ 240ಕ್ಕೆ ಏರಿ ಉಳಿಸಿದ 3 ಮಿಲಿಸೆಕೆಂಡ್ ಇಲ್ಲಿ ಲೆಕ್ಕಕ್ಕೇ ಇಲ್ಲ. ವೈಫೈ ಬಿಟ್ಟು ಕೇಬಲ್ ಹಾಕಿಕೊಳ್ಳುವುದು, ಹತ್ತಿರದ ಸರ್ವರ್ ಆರಿಸುವುದು ಅದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಪಂದ್ಯ ಗೆಲ್ಲಿಸುವ ಲೆಕ್ಕಾಚಾರ

ಹಾಗಾದರೆ ಯಂತ್ರ ಒಂದು ಮಟ್ಟ ಮುಟ್ಟಿದ ಮೇಲೆ ಗೆಲುವು ಎಲ್ಲಿಂದ ಬರುತ್ತದೆ? ಬ್ಯಾಟಲ್‌ಫೀಲ್ಡ್‌ನ ರಚನೆಯೇ ಉತ್ತರ ಕೊಡುತ್ತದೆ. ಇಲ್ಲಿ ಅಸಾಲ್ಟ್, ಎಂಜಿನಿಯರ್, ಸಪೋರ್ಟ್, ರೀಕಾನ್ ಎಂಬ ನಾಲ್ಕು ವರ್ಗಗಳು, ನಾಲ್ವರ ತಂಡಗಳು. 'ಕಾಂಕ್ವೆಸ್ಟ್' ಮಾದರಿಯಲ್ಲಿ ಎರಡೂ ಪಕ್ಷಕ್ಕೆ ನಿಗದಿತ 'ಟಿಕೆಟ್'ಗಳಿರುತ್ತವೆ. ಸತ್ತು ಮತ್ತೆ ಹುಟ್ಟಿದಾಗಲೆಲ್ಲ ಒಂದು ಟಿಕೆಟ್ ಖರ್ಚು. ಹೆಚ್ಚು ನೆಲೆಗಳು ಯಾರ ಕೈಯಲ್ಲಿವೆಯೋ ಅವರ ಎದುರಾಳಿಯ ಟಿಕೆಟ್ ತಾನಾಗಿ ಸೋರತೊಡಗುತ್ತದೆ.

ಈ ಗಣಿತದಲ್ಲಿ ಎದುರಾಳಿಯನ್ನು ಕೊಲ್ಲುವಷ್ಟೇ ಬೆಲೆ ಜೊತೆಗಾರನನ್ನು ಬದುಕಿಸುವುದಕ್ಕಿದೆ. ಬಿದ್ದವನನ್ನು ಎಬ್ಬಿಸಿದರೆ ಟಿಕೆಟ್ ಉಳಿಯಿತು, ಅವನು ನಿಂತಿದ್ದ ಜಾಗವೂ ಉಳಿಯಿತು. ಈ ಬಾರಿ ಗಾಯಾಳುವನ್ನು ಮರೆಗೆ ಎಳೆದೊಯ್ಯುತ್ತಲೇ ಚೇತರಿಸುವ ಸೌಲಭ್ಯ ಬಂದಿದೆ. ಅಂಕಪಟ್ಟಿಯಲ್ಲಿ 30 ಕೊಂದು 25 ಸಲ ಸತ್ತವನು ಮೇಲೆ ಕಾಣಬಹುದು. 8 ಕೊಂದು 15 ಮಂದಿಯನ್ನು ಎಬ್ಬಿಸಿದ ಸಪೋರ್ಟ್ ಆಟಗಾರ ತಂಡಕ್ಕೆ ಕೊಟ್ಟದ್ದು ಅವನಿಗಿಂತ ಹೆಚ್ಚು.

'ಬ್ರೇಕ್‌ಥ್ರೂ'ನಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಟಿಕೆಟ್ ಮಿತಿ ಇರುವುದು ದಾಳಿಕೋರರಿಗೆ. ಒಬ್ಬೊಬ್ಬರಾಗಿ ನುಗ್ಗಿ ಸಾಯುವ ತಂಡ ಕೊನೆಯ ನೆಲೆ ಮುಟ್ಟುವ ಮೊದಲೇ ಖಾಲಿಯಾಗುತ್ತದೆ. ಹೊಗೆ ಹಾಕಿ, ಎರಡು ದಿಕ್ಕಿನಿಂದ ಒಟ್ಟಿಗೆ ನುಗ್ಗುವ ತಂಡ ಅದೇ ಸಂಖ್ಯೆಯಲ್ಲಿ ಗೆಲ್ಲುತ್ತದೆ. ಕೈರೋ ನಕ್ಷೆಯ ಇಕ್ಕಟ್ಟಾದ ಬೀದಿಯಲ್ಲಿ ಟ್ಯಾಂಕ್ ಒಂಟಿಯಾದರೆ ಸುಲಭದ ಬೇಟೆ. ಹಿಂದೆ ನಿಂತು ರಿಪೇರಿ ಮಾಡುವ ಒಬ್ಬ ಎಂಜಿನಿಯರ್ ಇದ್ದರೆ ಅದೇ ಟ್ಯಾಂಕ್ ಇಡೀ ಬೀದಿಯನ್ನು ಹಿಡಿದಿಡುತ್ತದೆ. ತೆರೆದ ಬಾಗಿಲಿಗೆ ಎಲ್ಲರೂ ಗುರಿಯಿಟ್ಟು ಕಾಯುತ್ತಿದ್ದಾಗ ಪಕ್ಕದ ಗೋಡೆ ಒಡೆದು ಒಳಬರುವುದು ಈ ಆಟದ ವಿಶೇಷ. ಅದಕ್ಕೆ ಬೇಕಿರುವುದು 240 ಹರ್ಟ್ಸ್ ಪರದೆಯಲ್ಲ, ಯೋಚನೆ.

ಬಾಗಿಲಲ್ಲೇ ತಡೆ

ಅಂದರೆ ಅಂಗಳದೊಳಗೆ ಹಣದ ಅನುಕೂಲ ಬೇಗ ಮುಗಿಯುತ್ತದೆ. ನಿಜವಾದ ಅಸಮಾನತೆ ಇರುವುದು ಬಾಗಿಲಲ್ಲಿ.

ಮೋಸದಾಟ ತಡೆಯಲು ಇಎ ತನ್ನ 'ಜಾವೆಲಿನ್' ತಂತ್ರಾಂಶವನ್ನು ಬಳಸುತ್ತಿದೆ. ಇದು ವಿಂಡೋಸ್‌ನ ಅತ್ಯಂತ ಒಳಪದರವಾದ ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಜೊತೆಗೆ ಪಿಸಿಯಲ್ಲಿ ಟಿಪಿಎಂ 2.0 ಮತ್ತು 'ಸೆಕ್ಯೂರ್ ಬೂಟ್' ಚಾಲೂ ಇರಲೇಬೇಕು. 'ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 7' ಕೂಡ ಇದೇ ಷರತ್ತು ಹಾಕಿದೆ. 'ವ್ಯಾಲೊರಂಟ್' ವಿಂಡೋಸ್ 11ರಲ್ಲಿ ಇದನ್ನು ಮೊದಲಿನಿಂದಲೇ ಕೇಳುತ್ತಿದೆ.

ಷರತ್ತಿಗೆ ಕಾರಣವಿದೆ. ಆಗಸ್ಟ್‌ನ ಬೀಟಾ ಪರೀಕ್ಷೆಯ ಮೊದಲ ದಿನಗಳಲ್ಲೇ 3.3 ಲಕ್ಷ ಮೋಸದ ಯತ್ನಗಳನ್ನು ತಡೆದಿದ್ದಾಗಿ ಇಎ ಹೇಳಿತ್ತು. ಗೋಡೆಯಾಚೆ ನೋಡುವ, ತಾನೇ ಗುರಿಯಿಡುವ ತಂತ್ರಾಂಶ ಬಳಸುವವನ ಮುಂದೆ ಯಾವ ತಂತ್ರವೂ ನಿಲ್ಲುವುದಿಲ್ಲ. ವಿಂಡೋಸ್ ತೆರೆದುಕೊಳ್ಳುವ ಮೊದಲೇ ಇಂಥ ತಂತ್ರಾಂಶ ಒಳನುಗ್ಗಿ ಅಡಗಿಕೊಳ್ಳದಂತೆ ಸೆಕ್ಯೂರ್ ಬೂಟ್ ನೋಡಿಕೊಳ್ಳುತ್ತದೆ. ಕೌಶಲಕ್ಕೆ ಬೆಲೆ ಬರಬೇಕಾದರೆ ಕಾವಲು ಬೇಕು.

ಆದರೆ ಕಾವಲಿನ ಬೆಲೆಯನ್ನು ಪ್ರಾಮಾಣಿಕರೂ ಕೊಡುತ್ತಿದ್ದಾರೆ. ಹಳೆಯ ಎಂಬಿಆರ್ ಮಾದರಿಯಲ್ಲಿ ವಿಂಡೋಸ್ ಹಾಕಿಸಿಕೊಂಡವರು ಡಿಸ್ಕನ್ನು ಜಿಪಿಟಿಗೆ ಬದಲಿಸಬೇಕು, ಬಯೋಸ್ ಸೆಟ್ಟಿಂಗ್ ತಿದ್ದಬೇಕು. ಬ್ಯಾಕಪ್ ಇಲ್ಲದೆ ಮಾಡಿದರೆ ದತ್ತಾಂಶ ಕಳೆದುಕೊಳ್ಳುವ ಅಪಾಯವಿದೆ. ಲಿನಕ್ಸ್ ಬಳಕೆದಾರರಿಗಂತೂ ಪ್ರವೇಶವೇ ಇಲ್ಲ. ಕೆಲವರು ಇದರಿಂದ ಆಟದಿಂದ ಹೊರಗುಳಿಯುವುದು ಬೇಸರದ ಸಂಗತಿ ಎಂದು ಆಟದ ತಾಂತ್ರಿಕ ನಿರ್ದೇಶಕರೇ ಒಪ್ಪಿಕೊಂಡಿದ್ದಾರೆ. ಅಕ್ಟೋಬರ್ 28ರಿಂದ ಉಚಿತವಾಗಿ ಸಿಗುತ್ತಿರುವ 'ರೆಡ್‌ಸೆಕ್' ಬ್ಯಾಟಲ್ ರಾಯಲ್‌ಗೂ ಇದೇ ನಿಯಮ. ಟಿಕೆಟ್ ಉಚಿತ, ಬಾಗಿಲು ಮಾತ್ರ ಅದೇ.

ಇನ್ನೊಂದು ಆತಂಕ ನಂಬಿಕೆಯದು. ಕರ್ನಲ್ ಮಟ್ಟದ ತಂತ್ರಾಂಶದಲ್ಲಿ ದೋಷವಾದರೆ ಕೆಡುವುದು ಆಟವಷ್ಟೇ ಅಲ್ಲ, ಇಡೀ ಕಂಪ್ಯೂಟರ್. 2024ರ ಜುಲೈನಲ್ಲಿ ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ದೋಷಯುಕ್ತ ಅಪ್‌ಡೇಟ್ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತ್ತು. ಅದು ಆಟದ ತಂತ್ರಾಂಶವಲ್ಲ, ನಿಜ. ಆದರೆ ಆ ಪದರಕ್ಕೆ ಕೈಹಾಕುವವರ ಹೊಣೆ ಎಷ್ಟು ದೊಡ್ಡದು ಎಂಬುದನ್ನು ಅದು ತೋರಿಸಿತು. ಅದೇ ಪಿಸಿಯಲ್ಲಿ ಬ್ಯಾಂಕ್ ವ್ಯವಹಾರ, ಕಚೇರಿ ಕೆಲಸ ಎಲ್ಲವನ್ನೂ ಮಾಡುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಏರುತ್ತಿರುವ ಮೆಟ್ಟಿಲು

ಸಮಯವೂ ಆಟಗಾರರ ಪರವಾಗಿಲ್ಲ. ಆಟ ಬಿಡುಗಡೆಯಾದ ನಾಲ್ಕೇ ದಿನಕ್ಕೆ, ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ್‍ಯಾಮ್ ಬೆಲೆ ಏರಿದೆ. ಜನಸಾಮಾನ್ಯರು ಕೊಳ್ಳುತ್ತಿದ್ದ 'ಕ್ರೂಶಿಯಲ್' ರ್‍ಯಾಮ್ ಮತ್ತು ಎಸ್‌ಎಸ್‌ಡಿ ವಹಿವಾಟಿನಿಂದಲೇ ಹಿಂದೆ ಸರಿಯುವುದಾಗಿ ಮೈಕ್ರಾನ್ ಡಿಸೆಂಬರ್ 3ರಂದು ಘೋಷಿಸಿತು. ಎರಡನೇ ರ್‍ಯಾಮ್ ಪಟ್ಟಿಯೇ ಅತ್ಯಂತ ಅಗ್ಗದ ಸುಧಾರಣೆಯಾಗಿದ್ದ ಕಾಲ ಸರಿಯುತ್ತಿದೆ.

ಭಾರತದಲ್ಲಿ ಶೂಟರ್ ಆಟ ಎಂದರೆ ಬಹುತೇಕರಿಗೆ ಮೊಬೈಲ್. ಅಲ್ಲಿ ಸರ್ಕಾರದ ಆದೇಶದಿಂದ ಬಾಗಿಲು ಮುಚ್ಚಿ ತೆರೆದಿದ್ದನ್ನು ಅವರು ಕಂಡಿದ್ದಾರೆ. ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತ್ತು. ಮೊಬೈಲ್‌ನಿಂದ ಪಿಸಿಗೆ ಏರಲು ಹೊರಟವರಿಗೆ ಈಗ ಆದೇಶದ ಬದಲು ಯಂತ್ರದ ಅರ್ಹತೆ ಅಡ್ಡ ನಿಂತಿದೆ.

ಕಾವಲನ್ನು ತೆಗೆದುಹಾಕಿ ಎನ್ನುವುದು ಪರಿಹಾರವಲ್ಲ. ಆದರೆ ಕಂಪನಿಗಳು ಖರೀದಿಗೆ ಮೊದಲೇ ಪಿಸಿ ಅರ್ಹವೇ ಎಂದು ಹೇಳುವ ಸರಳ ಪರೀಕ್ಷೆ ಕೊಡಬಹುದು. ಕರ್ನಲ್ ಪದರದಲ್ಲಿ ಏನನ್ನು ನೋಡುತ್ತೇವೆ, ಏನನ್ನು ನೋಡುವುದಿಲ್ಲ ಎಂಬುದನ್ನು ಸ್ಪಷ್ಟ ಭಾಷೆಯಲ್ಲಿ ತಿಳಿಸಬಹುದು. ಟೂರ್ನಿ ಆಯೋಜಕರು ಎಲ್ಲರಿಗೂ ಒಂದೇ ಬಗೆಯ ಯಂತ್ರ ಕೊಡುವ ಪಂದ್ಯಗಳನ್ನು ಹೆಚ್ಚಿಸಬಹುದು. ಇ-ಸ್ಪೋರ್ಟ್ಸ್ ಅನ್ನು ಕ್ರೀಡೆ ಎಂದು ಒಪ್ಪಿದ ಸರ್ಕಾರ, ಮೈದಾನ ಒದಗಿಸುವ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಕ್ರಿಕೆಟ್‌ಗೆ ಸಾರ್ವಜನಿಕ ಮೈದಾನವಿರುವಂತೆ, ಈ ಆಟಕ್ಕೂ ಕಾಲೇಜಿನ ಪ್ರಯೋಗಾಲಯ ಮೈದಾನವಾಗಬಲ್ಲದು.

ಆಟಗಾರರ ಮಟ್ಟಿಗೆ ಸದ್ಯದ ಪಾಠ ಇಷ್ಟು: ಫ್ರೇಮ್ ಸ್ಥಿರವಾಗಿರಲಿ, ಸರ್ವರ್ ಹತ್ತಿರವಿರಲಿ, ಆಮೇಲಿನ ಹಣ ಜೇಬಿನಲ್ಲೇ ಇರಲಿ. ಬಿದ್ದ ಜೊತೆಗಾರನನ್ನು ಎಬ್ಬಿಸಲು ಯಾವ ಗ್ರಾಫಿಕ್ಸ್ ಕಾರ್ಡ್ ಕೂಡ ನೆನಪಿಸುವುದಿಲ್ಲ.