ಕಪ್ ಗೆದ್ದಾಯ್ತು, ಇನ್ನು ಜಾಗ ಬಿಡಿ

ಊರಿನ ಕಬಡ್ಡಿ ಪಂದ್ಯಾವಳಿಯ ಪೋಸ್ಟರ್‌ಗಳಲ್ಲಿ ‘60 ಕೆ.ಜಿ. ವಿಭಾಗ’ ಅನ್ನುವ ಸಾಲನ್ನು ನೀವು ನೋಡಿರುತ್ತೀರಿ. ಆಟ ಶುರುವಾಗುವ ಮೊದಲೇ ತೂಕ ನೋಡುತ್ತಾರೆ. ತೂಕ ಮೀರಿದವನು ಎಷ್ಟು ಗೋಗರೆದರೂ ಹೊರಗೇ. ಇದು ಅನ್ಯಾಯ ಅಂತ ಯಾರೂ ಹೇಳುವುದಿಲ್ಲ. 75 ಕೆ.ಜಿ.ಯ ಆಳು 60 ಕೆ.ಜಿ. ಹುಡುಗರ ನಡುವೆ ನಿಂತು ಕಪ್ ಎತ್ತಿದರೆ ಅದು ಗೆಲುವಲ್ಲ ಅಂತ ಎಲ್ಲರಿಗೂ ಗೊತ್ತು.

ಈಗ ನಗರಗಳಲ್ಲಿ ಜೋರಾಗಿ ನಡೆಯುತ್ತಿರುವ ಪಿಕಲ್‌ಬಾಲ್ ಆಟದಲ್ಲೂ ಇದೇ ತಕರಾರಿದೆ. ಆದರೆ ಅಲ್ಲಿ ಅಳೆಯಬೇಕಾದದ್ದು ಮೈತೂಕವಲ್ಲ, ಆಟದ ಮಟ್ಟ. ಅದಕ್ಕೆ ಸುಲಭದ ತಕ್ಕಡಿ ಇಲ್ಲ. ಹಾಗಾಗಿ ಒಂದು ದರ್ಜೆಯಲ್ಲಿ ಗೆದ್ದವರು ಮೇಲಿನ ದರ್ಜೆಗೆ ಹೋಗದೆ ಅಲ್ಲೇ ಉಳಿದು ಮತ್ತೆ ಮತ್ತೆ ಕಪ್ ಎತ್ತುತ್ತಾರೆ. ನನ್ನ ಮಾತು ಇಷ್ಟೇ: ಗೆದ್ದವರು ಮೇಲೆ ಹತ್ತಬೇಕು. ತಾವಾಗಿ ಹತ್ತದಿದ್ದರೆ ಆಯೋಜಕರು ಹತ್ತಿಸಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪಿಕಲ್‌ಬಾಲ್ ಹುಟ್ಟಿದ್ದು 1965ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಡ್ಜ್ ಅನ್ನುವ ದ್ವೀಪದಲ್ಲಿ. ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟ್‌ನದೂ ಇದೇ ಅಳತೆ. ನೆಟ್ ಮಾತ್ರ ಸೊಂಟದ ಎತ್ತರಕ್ಕೆ: ಕಂಬದ ಹತ್ತಿರ 36 ಇಂಚು, ನಡುವೆ 34 ಇಂಚು. ಮರದ ಹಲಗೆಯಂಥ ಪ್ಯಾಡಲ್, ತೂತುಗಳಿರುವ ಪ್ಲಾಸ್ಟಿಕ್ ಚೆಂಡು. ಸಾಮಾನ್ಯವಾಗಿ 11 ಪಾಯಿಂಟ್‌ಗೆ ಒಂದು ಗೇಮ್, ಎರಡು ಪಾಯಿಂಟ್ ಅಂತರ ಬೇಕು. ನಮ್ಮ ದೇಶದಲ್ಲಿ 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಭಾರತೀಯ ಪಿಕಲ್‌ಬಾಲ್ ಸಂಘಕ್ಕೆ ರಾಷ್ಟ್ರೀಯ ಕ್ರೀಡಾ ಒಕ್ಕೂಟದ ಮಾನ್ಯತೆ ಕೊಟ್ಟಿತು. ಬೆಂಗಳೂರಿನಲ್ಲಂತೂ ಕಟ್ಟಡಗಳ ಛಾವಣಿ ಮೇಲೂ ಕೋರ್ಟ್‌ಗಳಿವೆ.

ಈ ಆಟದಲ್ಲಿ ನನಗೆ ಹಿಡಿಸಿದ್ದು ದರ್ಜೆಯ ಪದ್ಧತಿ. ವಯಸ್ಸಿನ ವಿಭಾಗಗಳ ಜೊತೆಗೆ ಆಟದ ಮಟ್ಟಕ್ಕೂ ವಿಭಾಗ ಮಾಡುತ್ತಾರೆ. 3.0, 3.5, 4.0, 4.5 ಹೀಗೆ ಅಂಕಿ ಏರುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಬಿಗಿನರ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅನ್ನುತ್ತಾರೆ. ಡ್ಯೂಪರ್ ಅನ್ನುವ ಒಂದು ರೇಟಿಂಗ್ ವ್ಯವಸ್ಥೆ ಇದೆ. ಅದು ಆಡಿದ ಪಂದ್ಯಗಳ ಫಲಿತಾಂಶ ನೋಡಿ ಪ್ರತಿ ಆಟಗಾರರಿಗೆ 2ರಿಂದ 8ರ ಒಳಗೆ ಒಂದು ಅಂಕಿ ಕೊಡುತ್ತದೆ. ಗಂಡು, ಹೆಣ್ಣು, ಎಳೆಯರು, ಹಿರಿಯರು, ಎಲ್ಲರಿಗೂ ಒಂದೇ ಅಳತೆಗೋಲು. ಎದುರಾಳಿ ಎಷ್ಟು ಗಟ್ಟಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಮೇಲೇರಲು ಯಾವ ಆಯ್ಕೆ ಸಮಿತಿಯ ಕೈಕಾಲು ಹಿಡಿಯಬೇಕಿಲ್ಲ. ಆಡಿದ್ದು ಲೆಕ್ಕಕ್ಕೆ ಸೇರಿದರೆ ಸಾಕು. ಶಿಫಾರಸು ಇಲ್ಲದ ಹಳ್ಳಿ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಏಣಿ ಯಾವುದಿದೆ?

ಆದರೆ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಗಟ್ಟಿಗರು ಕೂತರೆ ಹೊಸಬರು ಕಾಲಿಡುವುದು ಎಲ್ಲಿ?

ಬಲಗಾರ ಕೆಳಗಿನ ದರ್ಜೆಯಲ್ಲಿ ಬೇಕಂತಲೇ ಆಡುವುದಕ್ಕೆ ಆಟದವರು ‘ಸ್ಯಾಂಡ್‌ಬ್ಯಾಗಿಂಗ್’ ಅನ್ನುತ್ತಾರೆ. ಇದಕ್ಕೆ ದಾರಿ ಹಲವು. ಇನ್ನೂ ರೇಟಿಂಗ್ ಇಲ್ಲದವರು ತಮ್ಮ ಮಟ್ಟವನ್ನು ತಾವೇ ಬರೆಸುವ ಕಡೆ ಕಡಿಮೆ ಬರೆಸುವುದು ಒಂದು. ಅಂಕಿ ಏರಬಾರದು ಅಂತ ಲೆಕ್ಕಕ್ಕೆ ಸೇರುವ ಪಂದ್ಯಗಳನ್ನೇ ಆಡದಿರುವುದು ಇನ್ನೊಂದು. ವರ್ಷಗಟ್ಟಲೆ ಬ್ಯಾಡ್ಮಿಂಟನ್ನೋ ಟೆನಿಸ್ಸೋ ಆಡಿ ಕೈ ಪಳಗಿದವರು ‘ಪಿಕಲ್‌ಬಾಲ್‌ಗೆ ನಾನು ಹೊಸಬ’ ಅಂತ ಬಿಗಿನರ್ ವಿಭಾಗಕ್ಕೆ ಇಳಿಯುವುದು ಮತ್ತೊಂದು. ಈ ಕೊನೆಯದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆಟ ಹೊಸದು ಹೌದು, ಆದರೆ ಕಣ್ಣು, ಕಾಲು, ಮಣಿಕಟ್ಟು ಹಳೆಯವೇ.

ಇದರಿಂದ ಯಾರಿಗೆ ನಷ್ಟ? ಮೊದಲು ಹೊಸಬರಿಗೆ. ನಾಲ್ಕು ತಿಂಗಳು ಕಲಿತು, ಪ್ರವೇಶ ಶುಲ್ಕ ಕಟ್ಟಿ, ಬೆಳಗಿನ ಜಾವದ ಬಸ್ಸು ಹಿಡಿದು ಬಂದ ಹುಡುಗಿ ಮೊದಲ ಪಂದ್ಯದಲ್ಲೇ 11–1ರಲ್ಲಿ ಸೋತರೆ ಅವಳು ಕಲಿತದ್ದೇನು? ತನಗಿಂತ ಸ್ವಲ್ಪ ಮೇಲಿರುವವರ ಎದುರು ಸೋತರೆ ಪಾಠ ಸಿಗುತ್ತದೆ. ತೀರಾ ಮೇಲಿರುವವರ ಎದುರು ಹಾಗೆ ಸೋತರೆ ಅವಮಾನವಷ್ಟೇ. ಮುಂದಿನ ಸಲ ಅವಳು ಬರುವುದಿಲ್ಲ, ಮನೆಯವರು ಕಳಿಸುವುದೂ ಇಲ್ಲ.

ಎರಡನೇ ನಷ್ಟ ಆ ಗೆದ್ದವರಿಗೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪಿಕಲ್‌ಬಾಲ್‌ನಲ್ಲಿ ಸರ್ವ್ ಮಾಡಿದ ಚೆಂಡು ಆ ಕಡೆ ಒಂದು ಪುಟ ಬೀಳಲೇಬೇಕು. ವಾಪಸ್ ಬಂದ ಚೆಂಡು ಈ ಕಡೆಯೂ ಒಂದು ಪುಟ ಬೀಳಬೇಕು. ಹಾಗಾಗಿ ಸರ್ವ್ ಮಾಡಿದ ಜೋಡಿ ಹಿಂದಿನ ಗೆರೆಯಲ್ಲೇ ಕಾಯುತ್ತದೆ. ಅಷ್ಟರಲ್ಲಿ ಎದುರಿನ ಜೋಡಿ ನೆಟ್ ಕಡೆಗೆ ಬಂದು ನಿಂತಿರುತ್ತದೆ. ನೆಟ್‌ನ ಎರಡೂ ಕಡೆ 7 ಅಡಿ ಜಾಗಕ್ಕೆ ‘ಕಿಚನ್’ ಅಂತ ಹೆಸರು. ಅಲ್ಲಿ ನಿಂತು ಚೆಂಡನ್ನು ಪುಟ ಬೀಳುವ ಮೊದಲೇ ಹೊಡೆಯುವಂತಿಲ್ಲ. ಆಟದ ಗುಟ್ಟೆಲ್ಲ ಈ ಅಡುಗೆಮನೆಯ ಗೆರೆಯಲ್ಲೇ ಇದೆ.

ಕೆಳಗಿನ ದರ್ಜೆಯಲ್ಲಿ ಜೋರಾಗಿ ಹೊಡೆದರೆ ಸಾಕು. ಎದುರಿನವರು ತಡಬಡಾಯಿಸಿ ತಾವೇ ಪಾಯಿಂಟ್ ಕೊಡುತ್ತಾರೆ. ಮೇಲಿನ ದರ್ಜೆಯಲ್ಲಿ ಅದೇ ಹೊಡೆತ ತಿರುಗಿ ನಿಮ್ಮ ಎದೆಗೇ ಬರುತ್ತದೆ. ಅಲ್ಲಿ ಬೇಕಾದದ್ದು ಮೂರನೇ ಹೊಡೆತದಲ್ಲಿ ಚೆಂಡನ್ನು ಮೆತ್ತಗೆ ಎದುರಿನ ಕಿಚನ್‌ಗೆ ಇಳಿಸಿ, ಆ ಸಮಯದಲ್ಲಿ ನೀವೂ ಮುಂದೆ ಬರುವುದು. ಆಮೇಲೆ ನೆಟ್ ಮೇಲೆ ಸಣ್ಣ ಸಣ್ಣದಾಗಿ ದಾಟಿಸುತ್ತಾ ಕಾಯುವುದು. ಇದನ್ನು ಡಿಂಕ್ ಅನ್ನುತ್ತಾರೆ. ಹತ್ತು ಸಲ ಮೆತ್ತಗೆ ದಾಟಿಸಿ, ಹನ್ನೊಂದನೇ ಚೆಂಡು ಎತ್ತರಕ್ಕೆ ಎದ್ದಾಗ ಹೊಡೆಯಬೇಕು. ಬಿರುಸಾಗಿ ಬಂದ ಚೆಂಡನ್ನು ಕೈ ಸಡಿಲ ಬಿಟ್ಟು ತಣ್ಣಗೆ ಮಾಡಿ ಕಳಿಸಬೇಕು. ತೋಳ್ಬಲಕ್ಕಿಂತ ತಾಳ್ಮೆ ಮುಖ್ಯ.

ಈ ವಿದ್ಯೆ ಕೆಳಗಿನ ದರ್ಜೆಯಲ್ಲಿ ಕೂತವರಿಗೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಹೊಡೆದು ಗೆಲ್ಲುವ ಅಭ್ಯಾಸ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಕಪ್‌ಗಳು ಸಾಲಾಗಿ ನಿಲ್ಲುತ್ತವೆ, ಆಟ ಮಾತ್ರ ಇದ್ದಲ್ಲೇ ಇರುತ್ತದೆ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ‘ಮೇಲೆ ಹೋದರೆ ಮೊದಲ ಸುತ್ತಲ್ಲೇ ಮನೆಗೆ. ಶುಲ್ಕ, ಬಸ್ ಚಾರ್ಜು, ಒಂದು ದಿನದ ಕೂಲಿ ಎಲ್ಲ ಹೋಯಿತು. ಕೆಳಗಿದ್ದರೆ ಬಹುಮಾನದ ಹಣವಾದರೂ ಸಿಗುತ್ತದೆ.’ ಸಂಬಳ ಇರುವವರಿಗೆ ಸೋಲು ಅನುಭವ, ಇಲ್ಲದವರಿಗೆ ಖರ್ಚು. ಈ ಮಾತು ನಿಜ. ಆದರೆ ಇದರಲ್ಲೇ ಒಂದು ಉತ್ತರವೂ ಇದೆ. ಕೆಳಗಿನ ದರ್ಜೆಗೆ ದೊಡ್ಡ ನಗದು ಬಹುಮಾನ ಇಟ್ಟಿರುವುದೇ ತಪ್ಪು. ಬೆಲ್ಲ ಇಟ್ಟರೆ ಇರುವೆ ಬಂದೇ ಬರುತ್ತದೆ.

ಆಯೋಜಕರು ಮಾಡಬಹುದಾದ ಕೆಲಸ ಮೂರು. ಬಿಗಿನರ್ ವಿಭಾಗಕ್ಕೆ ನಗದಿನ ಬದಲು ಪ್ಯಾಡಲ್, ಚೆಂಡು, ಶೂ ಕೊಡಲಿ. ಉಳಿದ ಹಣದಲ್ಲಿ, ಕೆಳಗೆ ಗೆದ್ದು ಮೊದಲ ಸಲ ಮೇಲಿನ ದರ್ಜೆಯಲ್ಲಿ ಆಡುವವರ ಶುಲ್ಕ ಮನ್ನಾ ಮಾಡಲಿ. ಒಂದೇ ದರ್ಜೆಯಲ್ಲಿ ಎರಡು ಸಲ ಗೆದ್ದವರಿಗೆ ಮೂರನೇ ಸಲ ಆ ಬಾಗಿಲು ಮುಚ್ಚಿದೆ ಅಂತ ಪೋಸ್ಟರ್‌ನಲ್ಲೇ ಬರೆಯಲಿ. ಜೊತೆಗೆ ಹೆಸರು ಬರೆಸುವಾಗ ‘ಬೇರೆ ರಾಕೆಟ್ ಆಟವನ್ನು ಯಾವ ಮಟ್ಟದಲ್ಲಿ ಆಡಿದ್ದೀರಿ?’ ಅಂತ ಒಂದು ಪ್ರಶ್ನೆ ಕೇಳಲಿ.

ಆಟಗಾರರಿಗೂ ಒಂದು ಮಾತು. ಮೇಲೆ ಹತ್ತುವುದೆಂದರೆ ಒಂದೇ ಸಲ ಜಿಗಿಯುವುದಲ್ಲ. ವಾರದಲ್ಲಿ ಒಂದು ದಿನ ನಿಮಗಿಂತ ಗಟ್ಟಿ ಇರುವವರ ಜೊತೆ ಆಡಿ. ಸೋತ ಪಂದ್ಯದಲ್ಲಿ ಎಷ್ಟು ಪಾಯಿಂಟ್ ಅವರು ಗೆದ್ದದ್ದು, ಎಷ್ಟು ನೀವೇ ನೆಟ್‌ಗೆ ಹೊಡೆದು ಕೊಟ್ಟದ್ದು ಅಂತ ಬರೆದಿಡಿ. ನೀವೇ ಕೊಟ್ಟದ್ದು ಕಡಿಮೆಯಾಗುತ್ತಿದ್ದರೆ, ಸೋತರೂ ನೀವು ಮೇಲೇರುತ್ತಿದ್ದೀರಿ.

‘ನಮ್ಮ ಹಳ್ಳಿಯಲ್ಲಿ ಈ ಆಟವೇ ಇಲ್ಲ, ನಮಗ್ಯಾಕೆ ಈ ಮಾತು?’ ಅಂತ ಕೇಳಬಹುದು. ಶಾಲೆಯ ಅಂಗಳದಲ್ಲಿ ಬ್ಯಾಡ್ಮಿಂಟನ್ ಗೆರೆ ಇದ್ದರೆ ಹೊರಗಿನ ಅಳತೆ ಸಿದ್ಧ. ನೆಟ್ ಇಳಿಸಿ, ಕಿಚನ್‌ನ ಎರಡು ಗೆರೆ ಬದಲಿಸಿದರೆ ಆಯಿತು. ಸಿಮೆಂಟ್ ಅಥವಾ ಗಟ್ಟಿ ನೆಲ ಬೇಕು ಅಷ್ಟೇ, ಯಾಕೆಂದರೆ ಚೆಂಡು ಪುಟಿಯಬೇಕು. ನಗರದಲ್ಲಿ ಕೆಲಸಕ್ಕಿರುವವರು ರಜೆಗೆ ಊರಿಗೆ ಬರುವಾಗ ಎರಡು ಪ್ಯಾಡಲ್ ತಂದರೆ ಆಟವೂ ಬರುತ್ತದೆ. ಆಟ ಬಂದ ಮೇಲೆ ಪಂದ್ಯಾವಳಿ, ಕಪ್, ಜಗಳ ಎಲ್ಲ ಹಿಂದೆಯೇ ಬರುತ್ತವೆ. ಯುವಕ ಸಂಘದವರು ಮೊದಲ ಪಂದ್ಯಾವಳಿಯ ನಿಯಮ ಬರೆಯುವಾಗಲೇ ಹೊಸಬರಿಗೆ ಅಂತ ಒಂದು ವಿಭಾಗ ಕಾಯ್ದಿಡಲಿ. ಒಮ್ಮೆ ತಪ್ಪು ಪದ್ಧತಿ ಬೇರು ಬಿಟ್ಟರೆ ಆಮೇಲೆ ಕೀಳುವುದು ಕಷ್ಟ.

ಈ ಮಾತು ಪಿಕಲ್‌ಬಾಲ್‌ಗೆ ಮಾತ್ರ ಅಲ್ಲ. ಹೋಬಳಿ ಮಟ್ಟದಲ್ಲಿ ಗೆದ್ದವರಿಗೆ ತಾಲೂಕು, ಅಲ್ಲಿಂದ ಜಿಲ್ಲೆ ಅನ್ನುವ ದಾರಿ ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಮೊದಲಿನಿಂದಲೂ ಇದೆ. ಹೋಬಳಿಯ ಓಟದಲ್ಲಿ ಗೆದ್ದ ಮಗು ಜಿಲ್ಲೆಯಲ್ಲಿ ಕೊನೆಯ ಸ್ಥಾನ ಬಂದರೂ ಮರಳುವಾಗ ತನಗಿಂತ ವೇಗವಾಗಿ ಓಡುವವರನ್ನು ಕಣ್ಣಾರೆ ನೋಡಿರುತ್ತದೆ. ದೊಡ್ಡವರ ಆಟಕ್ಕೂ ಆ ದಾರಿ ಇರಲಿ.