ಮೊದಲು ದಾರಿ, ಆಮೇಲೆ ತೋಟ

1997ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿದ ಖರಾಡಿಯಲ್ಲಿ ಈಗ ಮನೆಯ ಹಿತ್ತಲಿಗೂ ಹುಲ್ಲುಹಾಸು, ತೋಟ ಬೇಕಾಗಿದೆ. ಸಂತೋಷವೇ. ಆದರೆ ಕೆಲವು ಮಾಲಿಕರು ಮೊದಲು ಕಾಂಪೌಂಡು ಕಟ್ಟಿ, 3 ಅಡಿ ಸಂದು ಉಳಿಸಿ, ಆಮೇಲೆ ಮಣ್ಣಿನ ಮಾತೆತ್ತುತ್ತಾರೆ. ಜೆಸಿಬಿ ಯಂತ್ರದ ಅಗಲವೇ ಸುಮಾರು 7½ ಅಡಿ! ಅದು ಬೀದಿಯಲ್ಲೇ ನಿಲ್ಲುತ್ತದೆ. ಒಳಗೆ ಹೋಗುವುದು ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮ ಅಕ್ಕತಂಗಿಯರ ತಲೆಯ ಮೇಲಿನ ಬುಟ್ಟಿ.

ಲೆಕ್ಕ ಹಾಕಿರಿ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಸುಮಾರು 4 ಟನ್ ಮಣ್ಣು. ಬುಟ್ಟಿಗೆ 25 ಕಿಲೋ ಹಿಡಿದರೂ 160 ಸಲ ಹೊರಬೇಕು. ಗುತ್ತಿಗೆ ಮಾತ್ರ ಯಂತ್ರದ ದರದಲ್ಲಿ ಆಗಿರುತ್ತದೆ!

ಯಂತ್ರ ಬಂದರೆ ಕೂಲಿ ಹೋಗುವುದಿಲ್ಲವೇ ಎಂದು ಕೇಳುವವರುಂಟು. ಗಿರಣಿಯ ಬಂಧುಗಳಿಗೆ ಈ ಭಯ ಹೊಸದಲ್ಲ. ಆದರೆ ಗಿಡ ನೆಡುವುದು, ಕಲ್ಲು ಹಾಸುವುದು ಕೈಗೆಲಸವೇ. ಕುತ್ತಿಗೆ ಮುರಿಯುವ ಹೊರೆಯನ್ನು ನಾವು ಉದ್ಯೋಗವೆಂದು ಕರೆಯಲಾರೆವು.

ಹಿಂಗೋಡೆಯಲ್ಲಿ 10 ಅಡಿ ಬಿಟ್ಟು, ಅದನ್ನು ಕೊನೆಗೆ ಕಟ್ಟಲಿ. ಯಂತ್ರ ಹಾಯುವಲ್ಲಿ ನೀರಿನ ಕೊಳವೆ, ಚರಂಡಿಯ ಮುಚ್ಚಳಗಳಿಗೆ ಗುರುತು ಹಾಕಲಿ. ಕರಿಮಣ್ಣು ಕೆಸರಾಗುವ ಮುಂಚೆ, ಜೂನ್ ಒಳಗೆ, ಅಗೆತ ಮುಗಿಯಲಿ. ದಾರಿಯೇ ಇಲ್ಲದ ಕಡೆ, ತಲೆಹೊರೆಯ ದರವನ್ನು ಬೇರೆಯಾಗಿ ಗೊತ್ತುಮಾಡಿಕೊಳ್ಳದೆ ನಮ್ಮವರು ಬುಟ್ಟಿ ಮುಟ್ಟಬಾರದು.